ಲಾ ಮುಗಿಸಿದವರಿಗೆ ಮುಂಬೈಯಲ್ಲಿ ಕೆಲಸ: ನಾನು ಹಿಡಿದ ದಾರಿ

ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮ ಹುಡುಗ ಹುಡುಗಿಯರು ಲಾ ಕೊನೆಯ ವರ್ಷಕ್ಕೆ ಬಂದರೆ ಸಾಕು, ನನಗೆ ಫೋನ್ ಬರುತ್ತದೆ. "ಅಕ್ಕ, ಈಗ ಮಾರ್ಕೆಟ್ ಹೇಗಿದೆ? ಕೆಲಸ ಸಿಗುತ್ತಾ?" ಸಿಗುತ್ತದೆ. ಆದರೆ ಎಲ್ಲಿ ಸಿಗುತ್ತದೆ ಎಂದು ಹುಡುಕುವ ಜಾಗ ಬದಲಾಗಿದೆ. ನಾನು ಲಾ ಮುಗಿಸಿದ್ದು 2020ರಲ್ಲಿ. ಕೆಲಸ ನಿಂತಿದ್ದನ್ನೂ ನೋಡಿದೆ, ಒಂದೊಂದೇ ಕಡೆಯಿಂದ ಮತ್ತೆ ಶುರುವಾಗಿದ್ದನ್ನೂ ನೋಡಿದೆ.

ಆ ವರ್ಷ ಕೊರೋನಾದಿಂದ ಬಾಂಬೆ ಹೈಕೋರ್ಟಿನಲ್ಲಿ ತಿಂಗಳುಗಟ್ಟಲೆ ತುರ್ತು ಕೇಸುಗಳು ಮಾತ್ರ ನಡೆದವು, ಅವೂ ವಿಡಿಯೋದಲ್ಲಿ. ನಮ್ಮ ಕೊನೆಯ ಪರೀಕ್ಷೆ ಅಕ್ಟೋಬರ್‌ನಲ್ಲಿ ಆನ್‌ಲೈನ್ ಆಯಿತು. ದಿವಾಳಿ ಕಾನೂನಿನ ಕೆಲಸವನ್ನೇ ನಂಬಿದ್ದ ಆಫೀಸುಗಳಿಗೆ ಇನ್ನೊಂದು ಪೆಟ್ಟು ಬಿತ್ತು. 2020ರ ಮಾರ್ಚ್ 25ರಿಂದ ಒಂದು ವರ್ಷದ ಒಳಗೆ ಬಾಕಿ ಬಿದ್ದ ಹಣಕ್ಕೆ ಕಂಪನಿಯ ಮೇಲೆ ದಿವಾಳಿ ಅರ್ಜಿ ಹಾಕುವಂತಿಲ್ಲ ಎಂದು ಸರ್ಕಾರ ತಡೆ ತಂದಿತು. ಕಫ್ ಪರೇಡಿನ ಕಂಪನಿ ನ್ಯಾಯಮಂಡಳಿಯನ್ನೇ ನೆಚ್ಚಿಕೊಂಡಿದ್ದ ಜೂನಿಯರ್‌ಗಳು ಮನೆಯಲ್ಲಿ ಕೂತರು. ನಾನು ಇಂಟರ್ನ್‌ಶಿಪ್ ಮಾಡಿದ್ದ ಒಂದು ಆಫೀಸು "ಪರೀಕ್ಷೆ ಮುಗಿಸಿ ಬಾ, ನಿನ್ನ ಜಾಗ ಇದೆ" ಎಂದಿತ್ತು. ಆಮೇಲೆ ಮೆಸೇಜಿಗೂ ಉತ್ತರ ಇಲ್ಲ. ಆ ನೋವು ಇವತ್ತಿಗೂ ಇದೆ. ಅದಕ್ಕೇ ಈಗಿನ ಮಕ್ಕಳಿಗೆ ಹೇಳುತ್ತೇನೆ, ಬಾಯಿಮಾತಿನ ಆಫರ್ ಒಂದನ್ನೇ ನಂಬಿ ಬೇರೆ ಕಡೆ ಕೇಳುವುದನ್ನು ನಿಲ್ಲಿಸಬೇಡಿ.

ಮೊದಲು ಚೇತರಿಸಿಕೊಂಡಿದ್ದು ಆಸ್ತಿ ವ್ಯವಹಾರ. ಅದಕ್ಕೆ ಸರಳ ಕಾರಣ ಇತ್ತು. ಮಹಾರಾಷ್ಟ್ರ ಸರ್ಕಾರ 2020ರ ಸೆಪ್ಟೆಂಬರ್‌ನಿಂದ ಸ್ಟ್ಯಾಂಪ್ ಡ್ಯೂಟಿ ಇಳಿಸಿತು. ಮುಂಬೈಯಲ್ಲಿ ಶೇ. 5 ಇದ್ದದ್ದು ಡಿಸೆಂಬರ್ ಕೊನೆಯವರೆಗೆ ಶೇ. 2, ಮುಂದಿನ ಮಾರ್ಚ್‌ವರೆಗೆ ಶೇ. 3. ಮನೆ ತಗೊಳ್ಳೋಣ ಎಂದು ಯೋಚಿಸುತ್ತಿದ್ದವರೆಲ್ಲ ಒಟ್ಟಿಗೆ ಮುಂದೆ ಬಂದರು. ಸಬ್ ರಿಜಿಸ್ಟ್ರಾರ್ ಆಫೀಸುಗಳ ಮುಂದೆ ಕ್ಯೂ. ಕೋರ್ಟು ಅರ್ಧ ಬಾಗಿಲು ಹಾಕಿಕೊಂಡಿದ್ದಾಗಲೂ ಅಗ್ರಿಮೆಂಟ್ ಬರೆಯುವವರಿಗೆ, ಟೈಟಲ್ ಸರ್ಚ್ (ಆಸ್ತಿ ಯಾರದೆಂದು ಹಳೆ ದಾಖಲೆಗಳಲ್ಲಿ ಹುಡುಕುವುದು) ಮಾಡುವವರಿಗೆ ಪುರುಸೊತ್ತಿರಲಿಲ್ಲ. ಸರ್ಚ್ ಮಾಡಲು ಸನದೂ, ಅಂದರೆ ಬಾರ್ ಕೌನ್ಸಿಲ್ ಕೊಡುವ ವಕೀಲಿಕೆಯ ಪರವಾನಗಿಯೂ, ಬೇಕಿಲ್ಲ. ಹಾಗಾಗಿ ನಾನು ಅತ್ತ ತಿರುಗಿದೆ.

ದೊಡ್ಡ ಫರ್ಮ್‌ಗಳ ಬಾಗಿಲಲ್ಲಿ ನ್ಯಾಷನಲ್ ಲಾ ಸ್ಕೂಲಿನವರ ಸಾಲು ಇರುತ್ತದೆ. ನಾನು ಓದಿದ್ದು ಬೆಳಗಿನ ತರಗತಿಗಳ ಸಾಮಾನ್ಯ ಕಾಲೇಜು, ಮೂರು ವರ್ಷದ ಎಲ್‌ಎಲ್‌ಬಿ. ಬರೀ ಬಯೋಡೇಟಾ ಕಳಿಸಿದರೆ ಯಾರು ನೋಡುತ್ತಾರೆ? ಫೋರ್ಟ್ ಕಡೆಯ ಸಣ್ಣ ಸಣ್ಣ ಸಾಲಿಸಿಟರ್ ಆಫೀಸುಗಳಿಗೆ ಬರೆಯುವಾಗ ಜೊತೆಗೆ ಎರಡು ಪುಟದ ಒಂದು ಕೆಲಸವನ್ನೂ ಲಗತ್ತಿಸಿದೆ. ಹೈಕೋರ್ಟಿನ ಒಂದು ಆಸ್ತಿ ತೀರ್ಪನ್ನು ಓದಿ, ಅದರಲ್ಲಿನ ಘಟನೆಗಳನ್ನು ತಾರೀಖಿನ ಪ್ರಕಾರ ಜೋಡಿಸಿದ ಪಟ್ಟಿ. ಹೈಕೋರ್ಟಿಗೆ ಹೋಗುವ ಬಹಳಷ್ಟು ಅರ್ಜಿಗಳ ಮೊದಲ ಪುಟಗಳಲ್ಲಿ ಈ ಲಿಸ್ಟ್ ಆಫ್ ಡೇಟ್ಸ್ ಇರುತ್ತದೆ, ಅದನ್ನು ಮಾಡುವವರು ಹೆಚ್ಚಾಗಿ ಜೂನಿಯರ್‌ಗಳೇ. ಕೊನೆಗೆ ಒಬ್ಬ ಸಾಲಿಸಿಟರ್ ಕರೆದು ಮಾತಾಡಿಸಿದರು. ಅವರು ನನ್ನ ಮಾರ್ಕ್ಸ್ ಕೇಳಲಿಲ್ಲ. ಪಟ್ಟಿಯಲ್ಲಿ ಒಂದು ತಾರೀಖು ತೋರಿಸಿ, "ಇದನ್ನು ಯಾಕೆ ಹಾಕಿದೆ? ಇದರಿಂದ ಕೇಸಿಗೆ ಏನು?" ಎಂದರು. "ಸರ್, ಅವತ್ತಿನಿಂದಲೇ ಲಿಮಿಟೇಶನ್ ಶುರುವಾಗುತ್ತದೆ" ಎಂದೆ, ಅಂದರೆ ದಾವೆ ಹಾಕಲು ಇರುವ ಕಾಲಮಿತಿ. ಸೋಮವಾರದಿಂದ ಬಾ ಎಂದರು.

ಟೈಟಲ್ ಸರ್ಚ್ ಎಂದರೆ ಏನೆಂದು ಕಾಲೇಜಿನಲ್ಲಿ ಯಾರೂ ತೋರಿಸಿರಲಿಲ್ಲ. ಒಂದು ಆಸ್ತಿಯ ಹಿಂದಿನ ಮೂವತ್ತು ವರ್ಷದ ದಾಖಲೆ ನೋಡಬೇಕು. ಇಂಡೆಕ್ಸ್ 2 ಎನ್ನುವುದು ನೋಂದಣಿಯಾದ ಪ್ರತಿ ದಸ್ತಾವೇಜಿನ ಸಾರಾಂಶ: ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಯಾವ ಜಾಗ, ಎಷ್ಟು ಬೆಲೆ, ಯಾವ ದಿನ. ಹೊಸ ವರ್ಷಗಳದ್ದು ಕಂಪ್ಯೂಟರ್‌ನಲ್ಲಿ ಸಿಗುತ್ತದೆ. ಹಳೆಯದಕ್ಕೆ ಪುಸ್ತಕವೇ ಗತಿ. ಕೈಬರಹ, ಹೆಚ್ಚಿನದು ಮರಾಠಿ, ಅಂಚು ಪುಡಿಯಾಗುವ ಹಾಳೆಗಳು. ಕೆಲವು ವರ್ಷದ ಪುಟಗಳು ಹರಿದೇ ಹೋಗಿರುತ್ತವೆ. ಆಗ ರಿಪೋರ್ಟಿನಲ್ಲಿ ಆ ವರ್ಷದ ಎದುರು "ಪುಟ ಹರಿದಿದೆ" ಎಂದೇ ಬರೆಯಬೇಕು. ಏನೂ ಸಿಗಲಿಲ್ಲ ಎನ್ನುವುದು ಬೇರೆ, ನೋಡಲು ಪುಟವೇ ಇರಲಿಲ್ಲ ಎನ್ನುವುದು ಬೇರೆ. ಆ ಗ್ಯಾಪಿನ ವರ್ಷದಲ್ಲೇ ಅಡಮಾನ ಆಗಿದ್ದರೆ? ಅದಕ್ಕೇ ಪೇಪರಿನಲ್ಲಿ ಪಬ್ಲಿಕ್ ನೋಟಿಸ್ ಕೊಡುವುದು, ಯಾರದಾದರೂ ಹಕ್ಕಿದ್ದರೆ ಹೇಳಿ ಎಂದು. ಇದರ ಜೊತೆಗೆ ಪ್ರಾಪರ್ಟಿ ಕಾರ್ಡ್ (ಜಾಗ ಯಾರ ಹೆಸರಿನಲ್ಲಿದೆ ಎನ್ನುವ ಸರ್ಕಾರಿ ದಾಖಲೆ) ತೆಗೆಸಿ ಹೆಸರು ತಾಳೆ ನೋಡಬೇಕು. ಕಟ್ಟಡ ಕಟ್ಟಿ ನಲವತ್ತು ವರ್ಷವಾದರೂ ಜಾಗ ಇನ್ನೂ ಬಿಲ್ಡರ್ ಅಥವಾ ಹಳೆಯ ಮಾಲೀಕನ ಹೆಸರಿನಲ್ಲೇ ಇರುವ ಸೊಸೈಟಿಗಳು ಮುಂಬೈಯಲ್ಲಿ ಬೇಕಾದಷ್ಟಿವೆ. ಅಂಥವರಿಗೆ ಡೀಮ್ಡ್ ಕನ್ವೇಯನ್ಸ್, ಅಂದರೆ ಬಿಲ್ಡರ್ ಮಾಡಿಕೊಡದಿದ್ದರೂ ಜಾಗ ಸೊಸೈಟಿಯ ಹೆಸರಿಗೆ ಆಗುವಂತೆ ಸರ್ಕಾರಿ ಆದೇಶ, ಮಾಡಿಸಿಕೊಡುವುದೇ ಒಂದು ಪೂರ್ತಿ ಕೆಲಸ.

ಕೆಲವು ತಿಂಗಳ ನಂತರ ಸರ್ ನನ್ನ ಟೇಬಲ್ ಮೇಲೆ ಒಂದು ಫೈಲ್ ಇಟ್ಟರು. ನಮ್ಮವರೇ ಒಬ್ಬ ಹೋಟೆಲ್ ಮಾಲೀಕರು ಬ್ಯಾಂಕ್ ಸಾಲಕ್ಕೆ ಕಾರ್ಕಳ ಕಡೆಯ ಜಮೀನು ತೋರಿಸಿದ್ದರು. ಕಾಗದವೆಲ್ಲ ಕನ್ನಡದಲ್ಲಿ, ಆಫೀಸಿನಲ್ಲಿ ಬೇರೆ ಯಾರಿಗೂ ಓದಲು ಬರುವುದಿಲ್ಲ. ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಅವರ ಅಜ್ಜನ ಹೆಸರು. 11ನೇ ಕಾಲಂನಲ್ಲಿ ಸಹಕಾರಿ ಸಂಘದ ಒಂದು ಹಳೆ ಸಾಲ, ತೀರಿದ ನಮೂದು ಇಲ್ಲ. ಜಮೀನು ಬಂದದ್ದು ಡಿಕ್ಲರೇಶನ್‌ನಲ್ಲಿ, ಅಂದರೆ 1974ರ ಭೂಸುಧಾರಣೆಯಲ್ಲಿ ಅಜ್ಜ ಫಾರಂ 7 (ಗೇಣಿ ಜಮೀನು ತನ್ನದಾಗಬೇಕೆಂದು ಗೇಣಿದಾರ ಹಾಕುವ ಅರ್ಜಿ) ಹಾಕಿ ಪಡೆದದ್ದು. ಗೇಣಿ ಅಜ್ಜ ಒಬ್ಬರದ್ದೋ, ಕೂಡು ಕುಟುಂಬದ್ದೋ? ಕುಟುಂಬದ್ದಾದರೆ ಹೆಸರು ಒಬ್ಬರದಿದ್ದರೂ ಪಾಲು ಎಲ್ಲರದು. ಪಾಲುಪಟ್ಟಿ ಆಗಿರಲಿಲ್ಲ. ನಾನು ಅವರಿಗೆ ಫೋನ್ ಮಾಡಿ, "ಅಣ್ಣ, ಊರಲ್ಲಿರುವ ಅತ್ತೆಯಂದಿರ ಸಹಿ ಇಲ್ಲದೆ ಇದು ಆಗುವುದಿಲ್ಲ" ಎಂದಾಗ ಅವರಿಗೆ ಬೇಜಾರಾಯಿತು. ಆದರೆ ಆ ಸಾಲ ಕೊಟ್ಟಿದ್ದರೆ ಮುಂದೆ ಬ್ಯಾಂಕಿಗೂ ಅವರ ಮನೆಯವರಿಗೂ ಕೋರ್ಟು ತಪ್ಪುತ್ತಿರಲಿಲ್ಲ. ಆ ರಿಪೋರ್ಟ್ ಆದ ಮೇಲೆ ಕರ್ನಾಟಕದ ಕಾಗದ ಬಂದರೆ ಸೀದಾ ನನ್ನ ಟೇಬಲ್ಲಿಗೇ ಬರುತ್ತಿತ್ತು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಓದಲು ಕಲಿಸುವುದನ್ನು ಬಿಡುತ್ತಿದ್ದೇವೆ. ಈ ಊರಿನಲ್ಲಿ ಅದು ಸಂಬಳ ತರುವ ವಿದ್ಯೆ.

ಈಗಿನ ಮಾತಿಗೆ ಬರೋಣ. ಹಳೆ ಕಟ್ಟಡಗಳನ್ನು ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಕೆಲಸ ಮುಂಬೈಯಲ್ಲಿ ಜೋರಾಗಿದೆ. ಸೊಸೈಟಿ ಕಾನೂನಿನ 79ಎ ಸೆಕ್ಷನ್ ಕೆಳಗಿನ ನಿಯಮದಂತೆ ಸಭೆ, ಟೆಂಡರು, ಸದಸ್ಯರ ಒಪ್ಪಿಗೆ, ಆಮೇಲೆ ಬಿಲ್ಡರ್ ಜೊತೆ ಡೆವಲಪ್‌ಮೆಂಟ್ ಅಗ್ರಿಮೆಂಟ್, ಕೊನೆಗೆ ಪ್ರತಿ ಮನೆಗೂ ಬದಲಿ ಮನೆಯ ಬೇರೆ ಬೇರೆ ಅಗ್ರಿಮೆಂಟ್. ಒಂದು ಕಟ್ಟಡದಲ್ಲಿ ಎಷ್ಟು ಕಾಗದ ಆಗುತ್ತದೆ ನೋಡಿ! ದಿವಾಳಿ ಅರ್ಜಿಗಳೂ 2021ರ ನಂತರ ಮತ್ತೆ ಶುರುವಾದವು. ಸಿಟಿ ಸಿವಿಲ್ ಕೋರ್ಟಿನಲ್ಲಿ ಹಾಕಬಹುದಾದ ದಾವೆಯ ಮೊತ್ತದ ಮಿತಿ 2024ರಲ್ಲಿ ಒಂದು ಕೋಟಿಯಿಂದ ಹತ್ತು ಕೋಟಿಗೆ ಏರಿತು. ಮೊದಲು ಹೈಕೋರ್ಟಿಗೆ ಹೋಗುತ್ತಿದ್ದ ದಾವೆಗಳು ಈಗ ಇಲ್ಲಿಗೆ ಬರುತ್ತವೆ. ಇಲ್ಲಿ ಜೂನಿಯರ್ ಎದ್ದು ನಿಂತು ಮಾತಾಡಲು ಅವಕಾಶ ಜಾಸ್ತಿ. ಕ್ರಿಮಿನಲ್ ಕಡೆ ಆಸಕ್ತಿ ಇದ್ದವರಿಗೂ ಇದು ಒಳ್ಳೆ ಕಾಲ. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಮುಂತಾದ ಹೊಸ ಸಂಹಿತೆಗಳು ಬಂದ ಮೇಲೆ ಸೀನಿಯರ್‌ಗಳೂ ಸೆಕ್ಷನ್ ನಂಬರ್ ಹೊಸದಾಗಿ ಕಲಿಯುತ್ತಿದ್ದಾರೆ, ಹಳೆ ಅಪರಾಧಗಳಿಗೆ ಹಳೆ ಐಪಿಸಿಯೇ ನಡೆಯುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳಬಲ್ಲ ಜೂನಿಯರ್‌ಗೆ ಬೆಲೆ ಇದೆ.

ಕಂಪನಿಗಳ ಒಳಗಿನ ಲೀಗಲ್ ಡಿಪಾರ್ಟ್‌ಮೆಂಟಿನಲ್ಲೂ ಕೆಲಸ ಇದೆ. ಆದರೆ ಸಾದಾ ಕಾಂಟ್ರಾಕ್ಟ್ ಓದಿ ತಪ್ಪು ಗುರುತಿಸುವ ಕೆಲಸವನ್ನು ಈಗ ಸಾಫ್ಟ್‌ವೇರ್ ಮಾಡುತ್ತದೆ. ಅದೊಂದನ್ನೇ ನಂಬಿ ಹೋಗುವವರ ಬಗ್ಗೆ ನನಗೆ ಚಿಂತೆ ಇದೆ. ಹರಿದ ಪುಟ ನೋಡಲು, ಊರಿನ ಅತ್ತೆಗೆ ಫೋನ್ ಮಾಡಲು ಇನ್ನೂ ಮನುಷ್ಯರೇ ಬೇಕು.

ಜಡ್ಜ್ ಆಗಬೇಕು ಎನ್ನುವವರಿಗೆ ಒಂದು ಮಾತು. 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕು. ಅದು ತಾತ್ಕಾಲಿಕ ನೋಂದಣಿಯ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ರಿಸಲ್ಟ್ ಬಂದ ಕೂಡಲೇ ಬಾರ್ ಕೌನ್ಸಿಲ್‌ನಲ್ಲಿ ನೋಂದಾಯಿಸಿ. ನಮ್ಮ ಕಾಲದಲ್ಲಿ ಅದಕ್ಕೆ ಸಾವಿರಗಟ್ಟಲೆ ಆಗುತ್ತಿತ್ತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿಗಿಂತ ಜಾಸ್ತಿ ನೋಂದಣಿ ಶುಲ್ಕ ತೆಗೆದುಕೊಳ್ಳುವಂತಿಲ್ಲ ಎಂದಿತು. ಬಡ ಮನೆಯ ಮಕ್ಕಳಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ನನಗೆ ಗೊತ್ತು.

ಇನ್ನು ದುಡ್ಡು. ಜೂನಿಯರ್‌ಗಳಿಗೆ ಊಟದ ಖರ್ಚಿಗೂ ಸಾಲದಷ್ಟು ಕೊಟ್ಟು, ಕಲಿಸುತ್ತಿದ್ದೇವಲ್ಲ ಎನ್ನುವ ಪದ್ಧತಿ ಇನ್ನೂ ಇದೆ. ನನಗೆ ಇದು ಸರಿ ಕಾಣುವುದಿಲ್ಲ. ಅಪ್ಪನ ಹಣ ಇರುವವರು ಮಾತ್ರ ಕೋರ್ಟಿನಲ್ಲಿ ಉಳಿಯುತ್ತಾರೆ, ಉಳಿದವರು ಮೂರು ತಿಂಗಳಲ್ಲಿ ಬೇರೆ ನೌಕರಿಗೆ ಹೋಗುತ್ತಾರೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರ ಅಕ್ಟೋಬರ್‌ನಲ್ಲಿ ಪಟ್ಟಣದ ಜೂನಿಯರ್‌ಗೆ ತಿಂಗಳಿಗೆ ಕನಿಷ್ಠ 20,000, ಹಳ್ಳಿ ಕಡೆ 15,000 ಕೊಡಿ ಎಂದು ಸಲಹೆ ಮಾಡಿತು. ಅದು ಸಲಹೆ ಮಾತ್ರ, ಕಡ್ಡಾಯ ಅಲ್ಲ. ಆದರೂ ಮಾತುಕತೆಗೆ ಕೂತಾಗ ಆ ಅಂಕಿ ಹೇಳಲು ಏನೂ ಸಂಕೋಚ ಬೇಡ. ಎಷ್ಟು ಕೊಡುತ್ತೀರಿ, ಯಾವ ತಾರೀಖಿಗೆ ಕೊಡುತ್ತೀರಿ, ನನ್ನದೇ ಸಣ್ಣ ಕೇಸು ಬಂದರೆ ಮಾಡಬಹುದಾ: ಈ ಮೂರನ್ನೂ ಮೊದಲ ದಿನವೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.