ಬಾಡಿಗೆ ಕಾರು ಗುದ್ದಿದರೆ ಹಣ ಯಾರು ಕೊಡಬೇಕು?

ನಮ್ಮಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ಎದುರಿನವರಿಗಾದ ನಷ್ಟ ಕಟ್ಟಿಕೊಡುವ ವಿಮೆ, ಇರುವುದು ಗಾಡಿಗೆ, ಓಡಿಸುವವರಿಗಲ್ಲ. ಆದ್ದರಿಂದ ನಿಮ್ಮ ಹೆಸರಲ್ಲಿ ಪಾಲಿಸಿ ಇಲ್ಲವೆಂದು ಗಾಬರಿ ಬೇಡ. ಗಾಡಿಯ ಪಾಲಿಸಿ ಎಂಥದ್ದು ಎನ್ನುವುದೇ ಮುಖ್ಯ.

ಕಲಬುರಗಿಯಲ್ಲಿ ಕೀ ಇಸಿದುಕೊಳ್ಳುವ ಮುಂಚೆ ನಂಬರ್ ಪ್ಲೇಟ್ ನೋಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿದ್ದರೆ ಅದು ಸೆಲ್ಫ್ ಡ್ರೈವ್ ಬಾಡಿಗೆಗೆಂದೇ ನೋಂದಾಯಿಸಿದ ಕಾರು. ಪರಿಚಯದವರ ಬಿಳಿ ಪ್ಲೇಟ್ ಕಾರನ್ನು ದುಡ್ಡು ಕೊಟ್ಟು ಒಯ್ದರೆ ಖಾಸಗಿ ಪಾಲಿಸಿಯ ಷರತ್ತು ಮುರಿದಂತೆ. ರಿಪೇರಿ ಕ್ಲೇಮನ್ನು ವಿಮಾ ಕಂಪನಿ ತಳ್ಳಿಹಾಕಬಹುದು, ಆಗ ಮಾಲೀಕರು ಕೇಳುವುದು ನಿಮ್ಮನ್ನೇ.

ಹುಮನಾಬಾದ್ ರಸ್ತೆಯಲ್ಲಿ ಬೈಕಿಗೆ ತಾಗಿತು ಎನ್ನಿ. ಮೊದಲು ಗಾಯಾಳು: 108ಕ್ಕೆ ಫೋನ್ ಮಾಡಿ, ಆಮೇಲೆ 112ಕ್ಕೆ. ಎರಡೂ ಗಾಡಿಗಳ ನಂಬರ್, ಟೈರು ಉಜ್ಜಿದ ಗುರುತು, ಒಡೆದ ಬಂಪರ್ ಫೋಟೊ ತೆಗೆಯಿರಿ. ಠಾಣೆಗೆ 24 ಗಂಟೆಯೊಳಗೆ ತಿಳಿಸಲೇಬೇಕು. ಮಾಲೀಕರಿಗೆ ಅಲ್ಲಿಂದಲೇ ಹೇಳಿ, ತಡವಾದರೆ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ. ರಸ್ತೆಯಲ್ಲೇ ದುಡ್ಡು ಕೊಟ್ಟು ರಾಜಿಯಾಗಬೇಡಿ. ಅದಾದ ಮೇಲೂ ಬೈಕಿನವರು ಅಪಘಾತ ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್‌ಗೆ ಹೋಗಬಹುದು.

ಸಾವು-ಗಾಯದ ಪರಿಹಾರಕ್ಕೆ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಮಿತಿಯಿಲ್ಲ. ಎದುರಿನವರ ಆಸ್ತಿ ನಷ್ಟಕ್ಕೆ ಮಾತ್ರ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ. ಲೈಸೆನ್ಸ್ ಇಲ್ಲದೆ ಓಡಿಸಿದ್ದರೆ ಕಂಪನಿ ಮೊದಲು ಕೊಟ್ಟು, ಆಮೇಲೆ ವಸೂಲಿಗೆ ಬರಬಹುದು. ಬಾಡಿಗೆ ಕಾರಿನ ಡ್ಯಾಮೇಜಿಗೆ ನೀವು ಎಷ್ಟು ಕೊಡಬೇಕೆಂಬುದು ಕರಾರಿನಲ್ಲಿರುತ್ತದೆ. ಆ ಸಾಲು ಓದದೆ ಸಹಿ ಹಾಕಬೇಡಿ.