ಮಿಡಿಯ ತೊಟ್ಟು

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹತ್ತಿರ ನಮ್ಮದೊಂದು ಸಣ್ಣ ಉಪ್ಪಿನಕಾಯಿ ಘಟಕ ಇದೆ. ಹಾಕುವುದು ಅಪ್ಪೆಮಿಡಿ ಮಾತ್ರ, ಅಂದರೆ ಪರಿಮಳದ ಕಾಡುಮಾವಿನ ಎಳೆಗಾಯಿ. ಎಣ್ಣೆ ಇಲ್ಲ, ಕೆಡದಂತೆ ಹಾಕುವ ಪುಡಿಗಳೂ ಇಲ್ಲ. ಶುರು ಮಾಡಿದ ಎರಡನೇ ವರ್ಷ, ಮಳೆಗಾಲದಲ್ಲಿ ಒಂದು ಡ್ರಮ್ಮಿನ ಮುಚ್ಚಳ ತೆಗೆದು ಕೈ ಹಾಕಿದೆ. ಮಿಡಿ ಬೆರಳಲ್ಲೇ ಹಿಸುಕಿ ಹೋಯಿತು. ಒಂದೆರಡಲ್ಲ, ಮೇಲಿನ ಪದರ ಪೂರ್ತಿ.

ಉಪ್ಪು ಕಡಿಮೆ ಆಯ್ತೇನೋ ಅಂದುಕೊಂಡೆ. ಅತ್ತೆ ಒಂದು ಮಿಡಿ ಎತ್ತಿ ನೋಡಿದರು. "ಇದಕ್ಕೆ ತೊಟ್ಟೇ ಇಲ್ವಲ್ಲೇ" ಅಂದರು.

ತೊಟ್ಟಿದ್ದರೆ ಸೊನೆ ಒಳಗೇ ಉಳಿಯುತ್ತದೆ. ಜೀರಿಗೆಯದೋ ಕರ್ಪೂರದ್ದೋ, ಮಿಡಿಯ ಪರಿಮಳ ಎಲ್ಲ ಇರುವುದು ಆ ಸೊನೆಯಲ್ಲಿ. ವರ್ಷಗಟ್ಟಲೆ ಕೆಡದಂತೆ ಕಾಯುವುದರಲ್ಲೂ ಅದರ ಪಾಲು ದೊಡ್ಡದು. ತೊಟ್ಟು ಕಳಚಿದ್ದು, ನೆಲಕ್ಕೆ ಬಿದ್ದು ಪೆಟ್ಟಾದದ್ದು ಬೇಗ ಮೆತ್ತಗಾಗುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಮಾತ್ರ ಡ್ರಮ್, ಲೇಬಲ್, ಲೈಸೆನ್ಸ್ ಅಂತ ಓಡಾಡುತ್ತಾ ಮರದ ಬುಡಕ್ಕೇ ಹೋಗಿರಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಹೋದೆ. ನಮಗೆ ಮಿಡಿ ಕೊಡುವ ಅಜ್ಜ ಹೊಳೆದಂಡೆಯ ಮರವೊಂದರ ಮೇಲಿದ್ದರು. ಕೆಳಗೆ ಕಡಿದು ಹಾಕಿದ ಎರಡು ಕೊಂಬೆ. ಮಗ ಕೂತು ಅದರಿಂದ ಮಿಡಿ ಕೀಳುತ್ತಿದ್ದ. ನಾನು ಆಕ್ಷೇಪ ಮಾಡಿದೆ. ಅಜ್ಜ ಇಳಿದು ಬಂದು ಬೀಡಿ ಹಚ್ಚಿದರು. "ಅಮ್ಮಾ, ನೀವು ಕೊಡೋದು ಸಾವಿರಕ್ಕೆ ಇಷ್ಟು ಅಂತ. ನಾನು ಒಂದೊಂದೇ ತೊಟ್ಟು ನೋಡ್ತಾ ಮರದ ಮೇಲೆ ಕೂತ್ರೆ ಸಂಜೆಗೆ ಎಷ್ಟು ಸಾವಿರ ಆಗುತ್ತೆ?"

ಉತ್ತರ ಇರಲಿಲ್ಲ. ಎಣಿಕೆಗೆ ದುಡ್ಡು ಕೊಟ್ಟಿದ್ದೆ, ಎಣಿಕೆ ಬಂದಿತ್ತು.

ಅಲ್ಲೇ ಕೂತು ಮಾತಾಡಿದೆವು. ತೊಟ್ಟಿರುವ ಮಿಡಿಗೆ ಒಂದೂವರೆ ಪಟ್ಟು ದರ. ತೊಟ್ಟಿಲ್ಲದ್ದು ಬೇಡ. ಕೊಂಬೆ ಕಡಿದರೆ ಆ ಮರದ ಮಿಡಿಯನ್ನೇ ತಗೊಳ್ಳಲ್ಲ. ಕೊಯ್ದದ್ದನ್ನು ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ಅಜ್ಜ ಒಪ್ಪಿದರು, ಆದರೆ ಒಂದು ಷರತ್ತು: ಹೂ ಬಿಡುವ ಹೊತ್ತಿಗೇ ಮುಂಗಡ ಬೇಕು. ಇಲ್ಲದಿದ್ದರೆ ಬೇರೆ ವ್ಯಾಪಾರಿ ದುಡ್ಡು ಹಿಡಿದು ಬಂದುಬಿಡುತ್ತಾನೆ. ಇಬ್ಬರೂ ಒಂದೇ ಮರಕ್ಕೆ ಬಿದ್ದರೆ ಎಳಸು ಬಲಿತದ್ದು ನೋಡುವವರಿಲ್ಲ. ಯಾರು ಮೊದಲೋ ಅವರು ಸವರಿಕೊಂಡು ಹೋಗುತ್ತಾರೆ.

ಮುಂಗಡ ಎಲ್ಲಿಂದ ತರುವುದು? ಬೆಂಗಳೂರಿನ ಒಂದು ಅಂಗಡಿಯವರು ನನ್ನ ಬಿಲ್ಲನ್ನು ಐದು ತಿಂಗಳು ಇಟ್ಟುಕೊಂಡಿದ್ದರು. ಸರ್ಕಾರದ ಉದ್ಯಮ್ ಪಟ್ಟಿಯಲ್ಲಿ ನೋಂದಣಿ ಇರುವ ಸಣ್ಣ ಘಟಕಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ ಅಂತ ಸಣ್ಣ ಉದ್ಯಮಗಳ 2006ರ ಕಾಯ್ದೆಯೇ ಹೇಳುತ್ತದೆ. ನನಗೆ ಅದು ತಿಳಿದದ್ದು ಆಮೇಲೆ. ಜಗಳ ಆಡಲಿಲ್ಲ, ಆ ಅಂಗಡಿ ಬಿಟ್ಟೆ. ಇನ್ನೊಬ್ಬ ಅಂಗಡಿಯವರನ್ನು ಮಾರ್ಚಿನಲ್ಲಿ ಮರದ ಬುಡಕ್ಕೇ ಕರೆದುಕೊಂಡು ಬಂದೆ. ಬುಟ್ಟಿ ಇಳಿಯುವುದನ್ನು ನೋಡಿದರು. ಜನವರಿಯಲ್ಲೇ ಮೂರರಲ್ಲೊಂದು ಪಾಲು ದುಡ್ಡು ಕೊಡುತ್ತೇನೆ, ಎಷ್ಟು ಬೆಳೆ ಬಂದರೆ ಅಷ್ಟು ಕಳಿಸಿ ಅಂದರು. ಅದೇ ದುಡ್ಡು ಈಗ ನೇರ ಅಜ್ಜನ ಕೈಗೆ ಹೋಗುತ್ತದೆ.

ಒಣಮೆಣಸಿನಕಾಯಿಯದೂ ಇದೇ ಕತೆ, ಉದ್ದ ಮಾಡಲ್ಲ. ತೂಕಕ್ಕೆ ದುಡ್ಡು ಕೊಟ್ಟರೆ ಮೆಣಸಿನ ಜೊತೆ ನೀರೂ ಬರುತ್ತದೆ. ಚೀಲ ಬಿಚ್ಚಿದರೆ ಬೂಷ್ಟು. ಈಗ ಹಾವೇರಿ ಕಡೆಯ ನಾಲ್ಕು ಜನ ರೈತರ ಹತ್ತಿರ ಬ್ಯಾಡಗಿ ಕಡ್ಡಿ ಅನ್ನುವ ತಳಿಯ ಮೆಣಸಿನಕಾಯಿ ತಗೊಳ್ಳುತ್ತೇವೆ. ಮುರಿದರೆ ಪಟ್ ಅನ್ನಬೇಕು, ಅಷ್ಟೇ ಒಪ್ಪಂದ. ಒಣಗಿ ಕಡಿಮೆಯಾದ ತೂಕಕ್ಕೆ ದರದಲ್ಲಿ ಸೇರಿಸಿ ಕೊಡುತ್ತೇವೆ.

ನಾನೇ ಮಾಡಿದ ತಪ್ಪೊಂದನ್ನು ಹೇಳಲೇಬೇಕು. ಮಿಡಿಯನ್ನು ಕಲ್ಲುಪ್ಪಿನಲ್ಲಿ ಹಾಕಿ ಮೇಲೆ ಭಾರ ಇಟ್ಟರೆ ಅದು ನೀರು ಬಿಟ್ಟು ಮುರುಟುತ್ತದೆ. ಮನೆಯ ಭರಣಿಯಲ್ಲಾದರೆ ಆ ನೀರಿನಲ್ಲೇ ಖಾರ ರುಬ್ಬುತ್ತಾರೆ. ಡ್ರಮ್ಮುಗಟ್ಟಲೆ ಆದಾಗ ತುಂಬಾ ಉಳಿಯಿತು. ಹಿತ್ತಲಿಗೆ ಚೆಲ್ಲಿಸಿದೆ. ಎರಡನೇ ಬೇಸಿಗೆಗೆ ಪಕ್ಕದ ತೋಟದ ಅಂಚಿನ ಐದು ಅಡಿಕೆ ಮರಗಳ ಸೋಗೆ ಹಳದಿಯಾಯಿತು. ಆ ಮನೆಯವರು ಬೈಯಲಿಲ್ಲ, ಸುಮ್ನೆ ಕರೆದುಕೊಂಡು ಹೋಗಿ ತೋರಿಸಿದರು. ಬೈದಿದ್ದರೇ ಚೆನ್ನಾಗಿತ್ತು. ಮರಗಳ ಬೆಲೆ ಕಟ್ಟಿಕೊಟ್ಟೆ. ಈಗ ಉಪ್ಪುನೀರನ್ನು ಕುದಿಸಿ, ಆರಿಸಿ, ಖಾರಕ್ಕೇ ಬಳಸುತ್ತೇವೆ. ಮಿಕ್ಕಿದ್ದು ಅಗಲದ ತಟ್ಟೆಗಳಲ್ಲಿ ಏಪ್ರಿಲ್ ಬಿಸಿಲಿಗೆ ಆರಿ ಮತ್ತೆ ಉಪ್ಪಾಗುತ್ತದೆ.

ಡ್ರಮ್ಮಿನಲ್ಲಿ ಮೆತ್ತಗಾಗುವುದು ಪೂರ್ತಿ ನಿಂತಿಲ್ಲ, ಆದರೆ ಈಗ ಪದರಗಟ್ಟಲೆ ಹೋಗುವುದಿಲ್ಲ. ಕಾಡುಮರ ಪ್ರತಿವರ್ಷ ಒಂದೇ ಥರ ಬಿಡುವುದೂ ಇಲ್ಲ. ಈ ಸಲ ಮೋಡ ಕವಿದು ಹೂ ಉದುರಿತು. ಅಜ್ಜ ಫೋನ್ ಮಾಡಿದ್ದರು. "ತುದೀಲಿ ನಾಕು ಗೊಂಚಲು ಇದೆ ಅಮ್ಮಾ, ಹತ್ತಲ್ಲ. ಮಂಗ ತಿನ್ಲಿ. ದುಡ್ಡು ವಾಪಸ್ ಕೊಡ್ಲಾ?"

ಮುಂದಿನ ವರ್ಷದ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ ಅಂದೆ. ಅಂಗಡಿಯವರಿಗೂ ಹಾಗೇ ಬರೆಯಲು ಹೇಳಿದೆ.