ಹಳೆಯ ಬೆಂಚ್ ವೈಸ್ ದಿನದ ಕೆಲಸಕ್ಕೆ ಸಜ್ಜಾಗುವ ಬಗೆ: ನನ್ನ ಅನುಭವ

ಹಳೆಯ ವೈಸ್, ಅಂದರೆ ಕೆಲಸದ ತುಂಡನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಬೆಂಚಿನ ಸಾಧನ, ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಬಿರುಕನ್ನು. ತುಕ್ಕು ಎಷ್ಟಿದ್ದರೂ ತೆಗೆಯಬಹುದು, ನಟ್ ಸವೆದಿದ್ದರೆ ಹೊಸದು ಮಾಡಿಸಬಹುದು. ಬಾಡಿಯೇ ಸೀಳಿದ್ದರೆ ಮಾತ್ರ ಉಳಿದ ಶ್ರಮವೆಲ್ಲ ದಂಡ. ಬಹುಪಾಲು ವೈಸ್‌ಗಳ ಬಾಡಿ ಎರಕದ ಕಬ್ಬಿಣದ್ದು. ಅದು ಬಾಗುವುದಿಲ್ಲ, ಮಿತಿ ಮೀರಿದರೆ ಒಡೆಯುತ್ತದೆ. ಸ್ಥಿರ ದವಡೆಯ ಬುಡ, ಸ್ಲೈಡ್ (ಚಲಿಸುವ ದವಡೆಯ ಜೊತೆ ಒಳಹೊರಗೆ ಜಾರುವ ತೊಲೆ) ಹೊರಬರುವ ಬಾಡಿಯ ಬಾಯಿಯ ಮೂಲೆಗಳು, ಬಾಕ್ಸ್ ನಟ್ (ಸ್ಪಿಂಡಲ್ ಎಂಬ ಉದ್ದ ತಿರುಪು ತಿರುಗುವ ನಟ್) ಕೂರುವ ಜಾಗ, ಬೋಲ್ಟ್ ಹಾಕುವ ಕಿವಿಗಳು: ಈ ನಾಲ್ಕು ಕಡೆ ಬಣ್ಣ ಕೆರೆದು ನೋಡಲೇಬೇಕು. ಅಲ್ಲಿ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿದರೆ ಬಿರುಕಿನೊಳಗೆ ಇಳಿದ ಎಣ್ಣೆ ಗೆರೆಯಾಗಿ ಸುಣ್ಣಕ್ಕೆ ಏರುತ್ತದೆ. ಬಣ್ಣದಡಿ ಹಳದಿ ಗೆರೆ ಕಂಡರೆ ಹಿಂದೆ ಯಾರೋ ಬ್ರೇಜಿಂಗ್, ಅಂದರೆ ಹಿತ್ತಾಳೆ ಕರಗಿಸಿ ಬೆಸುಗೆ, ಮಾಡಿದ್ದಾರೆಂದು ಅರ್ಥ. ಕಿವಿ ಒಡೆದಿದ್ದರೆ ಬ್ರೇಜಿಂಗ್ ಸಾಕಾಗುತ್ತದೆ. ದವಡೆಯ ಬುಡ ಸೀಳಿದ್ದನ್ನು ನಾನು ದಿನದ ಕೆಲಸಕ್ಕೆ ನಂಬುವುದಿಲ್ಲ; ಅದರ ಸ್ಪಿಂಡಲ್, ಹ್ಯಾಂಡಲ್ ಕಳಚಿಟ್ಟುಕೊಂಡು ಬಾಡಿಯನ್ನು ಬಿಟ್ಟುಬಿಡುತ್ತೇನೆ.

ಬಿಚ್ಚುವಾಗ ವೈಸ್‌ನ ದವಡೆಗಳನ್ನು ತೆರೆಯುತ್ತಾ ಹೋದರೆ ಸ್ಪಿಂಡಲ್ ನಟ್‌ನಿಂದ ಹೊರಬಂದು, ಚಲಿಸುವ ದವಡೆ ಸ್ಲೈಡ್ ಸಮೇತ ಕೈಗೆ ಬರುತ್ತದೆ. ಕೊನೆಯ ಸುತ್ತುಗಳಲ್ಲಿ ಅದರಡಿ ಮರದ ದಿಮ್ಮಿ ಕೊಟ್ಟಿರಬೇಕು; ಪಾದದ ಮೇಲೆ ಬಿದ್ದರೆ ಮೂಳೆ ಮುರಿಯುವಷ್ಟು ಭಾರವಿರುತ್ತದೆ. ಸ್ಪಿಂಡಲನ್ನು ದವಡೆಗೆ ಹಿಡಿದಿಡುವುದು ಒಂದು ಕಾಲರ್ (ಸ್ಪಿಂಡಲ್‌ಗೆ ತೊಡಿಸಿದ ಬಳೆ) ಮತ್ತು ಪಿನ್. ಪಿನ್‌ನ ಎರಡೂ ತುದಿಯನ್ನು ವರ್ನಿಯರ್‌ನಿಂದ ಅಳೆಯದೆ ಹೊಡೆಯಬೇಡಿ. ಟೇಪರ್ ಪಿನ್ ಆಗಿದ್ದರೆ ಒಂದು ತುದಿ ಸಣ್ಣದಿರುತ್ತದೆ, ಆ ಕಡೆಯಿಂದ ಹೊಡೆದರಷ್ಟೇ ಹೊರಬರುತ್ತದೆ; ಎದುರಿನಿಂದ ಹೊಡೆದಷ್ಟೂ ಇನ್ನಷ್ಟು ಬಿಗಿಯುತ್ತದೆ.

ಜಾ ಪ್ಲೇಟ್‌ನ, ಅಂದರೆ ದವಡೆಯ ಮುಖಕ್ಕೆ ಕೂರಿಸಿದ ಹಲ್ಲಿನ ಉಕ್ಕಿನ ಪಟ್ಟಿಯ, ಸ್ಕ್ರೂಗಳೇ ಹೆಚ್ಚು ಕಾಡಿಸುವುದು. ತಲೆಯ ತೋಡಿನೊಳಗಿನ ಕೊಳೆಯನ್ನು ಚೂಪಾದ ಕಡ್ಡಿಯಿಂದ ಪೂರ್ತಿ ಕೆದಕಿ, ತುಕ್ಕಿನೊಳಗೆ ಇಳಿಯುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡುತ್ತೇನೆ. ಮರುದಿನ ತೋಡಿಗೆ ಸರಿಯಾಗಿ ಕೂರುವ ಬಿಟ್ ಹಾಕಿ ಇಂಪ್ಯಾಕ್ಟ್ ಡ್ರೈವರ್‌ಗೆ (ಏಟು ಬಿದ್ದಾಗ ಸ್ಕ್ರೂವನ್ನು ತಿರುಗಿಸುವ ಸಾಧನ) ಸುತ್ತಿಗೆಯ ಏಟು. ಅದಕ್ಕೂ ಜಗ್ಗದಿದ್ದರೆ ಎಣ್ಣೆಯನ್ನು ಚೆನ್ನಾಗಿ ಒರೆಸಿ ತೆಗೆದು, ಸ್ಕ್ರೂವಿನ ಸುತ್ತಲ ಭಾಗವನ್ನು ಕಾಯಿಸಿ, ತಣ್ಣಗಾಗುವಾಗ ಮತ್ತೆ ಪ್ರಯತ್ನ. ಕೊನೆಯ ದಾರಿ ಡ್ರಿಲ್: ಮೊದಲು ತಲೆಯನ್ನಷ್ಟೇ ಕೊರೆದು ಪ್ಲೇಟ್ ತೆಗೆದರೆ, ಉಳಿದ ಕಾಂಡವನ್ನು ಲಾಕಿಂಗ್ ಪ್ಲೈಯರ್‌ನಿಂದ ಹಿಡಿದು ತಿರುಗಿಸುವಷ್ಟು ಉದ್ದ ಹೊರಗೆ ಸಿಗುತ್ತದೆ.

ಹೊಸ ಸ್ಕ್ರೂ ತರುವ ಮೊದಲು ಥ್ರೆಡ್‌ನ ಸುತ್ತುಗಳ ನಡುವಿನ ಅಂತರ (ಪಿಚ್) ಅಳೆಯುವ ಪಿಚ್ ಗೇಜ್ ಇಟ್ಟು ನೋಡಬೇಕು. ಹಳೆಯ ವೈಸ್‌ಗಳಲ್ಲಿ ಇಂಚಿನ ಅಳತೆಯ ಹಳೆಯ ಬ್ರಿಟಿಷ್ ವಿಟ್‌ವರ್ತ್ ಥ್ರೆಡ್ ಸಾಮಾನ್ಯ. 5/16 ಇಂಚಿನ ವಿಟ್‌ವರ್ತ್‌ಗೆ ಇಂಚಿಗೆ 18 ಸುತ್ತು, ಅಂದರೆ ಪಿಚ್ 1.41 ಮಿಮೀ, ಹತ್ತಿರದ ಮೆಟ್ರಿಕ್ ಅಳತೆಯಾದ ಎಂ8ರ (8 ಮಿಮೀ) ಪಿಚ್ 1.25. ತಪ್ಪು ಸ್ಕ್ರೂ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಯಿತೆಂದು ಸ್ಪ್ಯಾನರ್ ಹಾಕಿ ತಳ್ಳಿದರೆ ಎರಕದ ಥ್ರೆಡ್ ಪುಡಿಯಾಗಿ ಉದುರುತ್ತದೆ.

ತುಕ್ಕಿಗೆ ನಾನು ಬಳಸುವುದು ವಿದ್ಯುತ್ ವಿಧಾನ. ಪ್ಲಾಸ್ಟಿಕ್ ತೊಟ್ಟಿಯಲ್ಲಿ 10 ಲೀಟರ್ ನೀರಿಗೆ ಸುಮಾರು 50 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಋಣ ತಂತಿ ವೈಸ್‌ನ ಭಾಗಕ್ಕೆ, ಧನ ತಂತಿ ಸವೆದುಹೋಗಲೆಂದೇ ಇಟ್ಟ ಮೈಲ್ಡ್ ಸ್ಟೀಲ್ ಪಟ್ಟಿಗೆ. ಅದಲುಬದಲಾದರೆ ವೈಸೇ ಕರಗುತ್ತದೆ. ಪಟ್ಟಿಯಾಗಿ ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ಲವಣ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಗಾಳಿಯಾಡುವ ಕಡೆ, ಬೆಂಕಿ ಕಿಡಿಯಿಂದ ದೂರ ಇಡಬೇಕು. ಕ್ಲಿಪ್ ಮುಟ್ಟುವ ಮೊದಲು ಚಾರ್ಜರ್ ಆರಿಸಬೇಕು. ಪಟ್ಟಿಗೆ ಎದುರಾದ ಮುಖದಲ್ಲೇ ಕೆಲಸ ಜೋರಾಗಿ ನಡೆಯುವುದರಿಂದ ಭಾಗವನ್ನು ಆಗಾಗ ತಿರುಗಿಸುತ್ತೇನೆ. ಹೊರತೆಗೆದಾಗ ಕಾಣುವ ಕಪ್ಪು ಮಸಿ ತಂತಿ ಬ್ರಷ್‌ಗೆ ಬಿಡುತ್ತದೆ. ಬಿಸಿನೀರಲ್ಲಿ ತೊಳೆದು, ಆ ಬಿಸಿಯಲ್ಲೇ ಒಣಗಿಸಿ, ತಕ್ಷಣ ಎಣ್ಣೆ ಹಚ್ಚದಿದ್ದರೆ ನೋಡನೋಡುತ್ತಲೇ ಕೆಂಪು ತುಕ್ಕು ಮರಳುತ್ತದೆ. ಆಮ್ಲದಲ್ಲಿ ನೆನೆಹಾಕುವುದೂ ಒಂದು ವಿಧಾನವೇ. ಆದರೆ ಹೊತ್ತು ಮೀರಿದರೆ ಆಮ್ಲ ಒಳ್ಳೆಯ ಲೋಹವನ್ನೂ ತಿನ್ನುತ್ತದೆ, ಅಳತೆಯ ಮುಖಗಳಿರುವ ಭಾಗಕ್ಕೆ ಅದು ನನಗೆ ಒಪ್ಪಿಗೆಯಿಲ್ಲ. ಸ್ಪ್ರಿಂಗನ್ನಂತೂ ಎರಡಕ್ಕೂ ಹಾಕದೆ ಕೈಯಲ್ಲೇ ಉಜ್ಜುತ್ತೇನೆ, ಹೈಡ್ರೋಜನ್ ಹೊಕ್ಕರೆ ಗಡಸು ಉಕ್ಕು ಪೆಡಸಾಗಿ ಮುರಿಯುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಅದನ್ನು ಒಣಗಿದ್ದಾಗ ಗ್ರೈಂಡರ್ ಹಿಡಿದು ಧೂಳೆಬ್ಬಿಸದೆ, ಪೇಂಟ್ ರಿಮೂವರ್ ಹಾಕಿ ಕೆರೆದು ತೆಗೆಯುವುದು ಲೇಸು.

ಇನ್ನು ಸ್ಲೈಡ್. ಹೆಚ್ಚಿನವರು ಮುಟ್ಟದೆ ಬಿಡುವ ಭಾಗ ಇದೇ, ಹಿಡಿತ ಕೆಡುವುದೂ ಇಲ್ಲೇ. ವೈಸ್ ಬಿಗಿದಾಗ ಕೆಳಗಡೆ ಸ್ಪಿಂಡಲ್ ದವಡೆಯನ್ನು ಒಳಕ್ಕೆ ಎಳೆಯುತ್ತದೆ, ಮೇಲ್ಗಡೆ ಕೆಲಸದ ತುಂಡು ಅದನ್ನು ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಚಲಿಸುವ ದವಡೆಯ ತಲೆ ಹೊರಕ್ಕೆ ವಾಲುತ್ತದೆ. ಸ್ಲೈಡ್‌ನ ಹಿಂತುದಿ ಬಾಡಿಯ ತೋಡಿನ ಮೇಲ್ಮುಖಕ್ಕೆ ಒತ್ತುತ್ತದೆ, ಬಾಯಿಯ ಹತ್ತಿರ ಕೆಳಮುಖಕ್ಕೆ ಒತ್ತುತ್ತದೆ. ಸವೆತವೂ ಆ ಎರಡೇ ಕಡೆ. ಸ್ಲೈಡ್‌ನ ಮೇಲೆ ಕೆಳಗೆ ಸೇರಿ 0.5 ಮಿಮೀ ಸಡಿಲವಿದೆ, ಬಾಡಿಯೊಳಗೆ 150 ಮಿಮೀ ಸ್ಲೈಡ್ ಇದೆ, ದವಡೆಯ ಮೇಲಂಚು ಸ್ಲೈಡ್‌ಗಿಂತ 100 ಮಿಮೀ ಎತ್ತರದಲ್ಲಿದೆ ಅಂದುಕೊಳ್ಳಿ. ಮೇಲಂಚು ಸುಮಾರು 0.33 ಮಿಮೀ ಬಾಯಿಬಿಡುತ್ತದೆ. ವೈಸನ್ನು ಅಗಲ ತೆರೆದು ಸ್ಲೈಡ್ 75 ಮಿಮೀ ಮಾತ್ರ ಒಳಗುಳಿದಾಗ ಅದೇ ಸಡಿಲಕ್ಕೆ 0.67 ಮಿಮೀ. ತೆಳು ತಗಡು ಮೇಲಂಚಿನಲ್ಲಿ ಜಾರುತ್ತದಲ್ಲ, ಅದಕ್ಕೆ ಕಾರಣ ಇದು. ಜಾ ಪ್ಲೇಟ್‌ಗೆ ಹೊಸ ಹಲ್ಲು ಕೊಟ್ಟರೆ ಅದು ವಾಸಿಯಾಗದು.

ಸಡಿಲವನ್ನು ಸಂದಿಗೆ ತೂರಿಸುವ ತೆಳು ಪಟ್ಟಿಗಳ ಫೀಲರ್ ಗೇಜ್‌ನಿಂದ ಸ್ಲೈಡ್‌ನ ಉದ್ದಕ್ಕೂ ಹಲವು ಕಡೆ ಅಳೆದು ಬರೆದುಕೊಳ್ಳಬೇಕು. ಸ್ಲೈಡ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ: ಹೆಚ್ಚು ಓಡಾಡುವ ಭಾಗ ಸವೆದು, ಅಪರೂಪಕ್ಕೆ ಒಳಹೋಗುವ ತುದಿ ಹಳೆಯ ಅಳತೆಯಲ್ಲೇ ನಿಂತಿರುತ್ತದೆ. ಸವೆದ ಕಡೆಯ ಅಳತೆಗೆ ಶಿಮ್ (ಸಂದು ತುಂಬುವ ತೆಳು ಪಟ್ಟಿ) ಕೊಟ್ಟರೆ ಸವೆಯದ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಮೊದಲು ಎತ್ತರ ಉಳಿದ ಭಾಗಕ್ಕೆ ಪ್ರಷ್ಯನ್ ಬ್ಲೂ (ತಾಗುವ ಕಡೆ ಗುರುತು ಬಿಡುವ ನೀಲಿ ಬಣ್ಣ) ಹಚ್ಚಿ, ನುಣುಪು ಫೈಲಿನಿಂದ ಸ್ವಲ್ಪಸ್ವಲ್ಪವೇ ಇಳಿಸಿ, ಆಮೇಲೆ ಶಿಮ್. ಬಾಯಿಯ ಕೆಳಮುಖಕ್ಕೆ ಹಿತ್ತಾಳೆ ಪಟ್ಟಿ ಇಟ್ಟು, ಮುಂದಿನ ಅಂಚನ್ನು ಬಾಡಿಯ ಹೊರಮುಖಕ್ಕೆ ಮಡಚಿ, ಆ ಮಡಿಕೆಯನ್ನು ಎರಡು ಎಂ4 ಸ್ಕ್ರೂಗಳಿಂದ ಹಿಡಿಸುತ್ತೇನೆ. ಬರೀ ಅಂಟು ಹಾಕಿದ ಪಟ್ಟಿ ಸ್ಲೈಡ್‌ನ ಜೊತೆ ಹೊರಗೆ ಬಂದುಬಿಡುತ್ತದೆ. ಕೊನೆಗೆ 0.1 ಮಿಮೀ ಸಡಿಲ ಉಳಿಸಬೇಕು; ಅದಕ್ಕಿಂತ ಬಿಗಿ ಮಾಡಿದರೆ ಒಂದು ಚೂರು ಲೋಹದ ಪುಡಿ ಸೇರಿದರೂ ಸ್ಲೈಡ್ ಕಚ್ಚುತ್ತದೆ.

ಸ್ಪಿಂಡಲ್ ಮತ್ತು ನಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹ್ಯಾಂಡಲ್ ಅರ್ಧ ಸುತ್ತು ಬರಿದೇ ತಿರುಗಿದರೆ ಸಾಕು, ನಟ್ ಹೋಯಿತೆನ್ನುತ್ತಾರೆ. ಬರಿದೇ ತಿರುಗುವುದರಿಂದ ಹಿಡಿತಕ್ಕೆ ನಷ್ಟವಿಲ್ಲ. ಅದರಲ್ಲಿ ಒಂದಷ್ಟು ಪಾಲು ಕಾಲರಿನ ಬಳಿಯ ಸವೆತದ್ದು. ಅಲ್ಲಿ ತಕ್ಕ ದಪ್ಪದ ಕಂಚಿನ ವಾಷರ್ ಸೇರಿಸಿದರೆ ಅಷ್ಟು ಕಡಿಮೆಯಾಗುತ್ತದೆ. ನೋಡಬೇಕಾದ್ದು ನಟ್‌ನ ಥ್ರೆಡ್‌ನ ತುದಿಯನ್ನು. ಚಪ್ಪಟೆಯಾಗಿರಬೇಕಾದ ತುದಿ ಬ್ಲೇಡಿನಂತೆ ಚೂಪಾಗಿದ್ದರೆ ಒಂದು ದಿನ ಪೂರ್ತಿ ಬಿಗಿದಾಗ ಕಿತ್ತು ಬರುತ್ತದೆ, ಅದನ್ನು ಬದಲಿಸಲೇಬೇಕು. ಹೊಸ ನಟ್ ಮಾಡಿಸುವಾಗ ಪಿಚ್ಚನ್ನು 10 ಸುತ್ತುಗಳ ಮೇಲೆ ಅಳೆಯಿರಿ. 50 ಮಿಮೀ ಬಂದರೆ ಪಿಚ್ 5 ಮಿಮೀ, 50.8 ಬಂದರೆ ಇಂಚಿಗೆ 5 ಸುತ್ತು. ಒಂದೇ ಸುತ್ತು ಅಳೆದರೆ ಈ ವ್ಯತ್ಯಾಸ ಕೈಗೆ ಸಿಗುವುದಿಲ್ಲ. ಎಡಗೈ ಥ್ರೆಡ್ಡೇ, ಬಲಗೈ ಥ್ರೆಡ್ಡೇ ಎಂಬುದನ್ನೂ ಜೊತೆಗೇ ಬರೆದುಕೊಳ್ಳಿ.

ಜಾ ಪ್ಲೇಟ್‌ಗಳ ಹಲ್ಲು ಮಧ್ಯದಲ್ಲಿ ಸವೆದಿದ್ದರೆ ಇಎನ್8 (ಮಧ್ಯಮ ಇಂಗಾಲದ) ಉಕ್ಕಿನ ಪಟ್ಟಿಯಿಂದ ಹೊಸದು ಮಾಡುತ್ತೇನೆ. ಅದಕ್ಕೆ ಮೊದಲು ದವಡೆಯಲ್ಲಿ ಪ್ಲೇಟ್ ಕೂರುವ ಮುಖ. ಅಲ್ಲಿ ಬಣ್ಣ, ತುಕ್ಕಿನ ಹಳಕು, ಹಳೆಯ ರಂಧ್ರದಂಚಿನ ಲೋಹದ ಸಿಬಿರು (ಬರ್) ಏನೇ ಇದ್ದರೂ ಪ್ಲೇಟ್ ತೊನೆದಾಡುತ್ತದೆ, ಸ್ಕ್ರೂ ಎಷ್ಟು ಬಿಗಿದರೂ ಕೆಲವೇ ವಾರಕ್ಕೆ ಸಡಿಲ. ಬ್ಲೂ ಹಚ್ಚಿ ಒತ್ತಿ ನೋಡಿ, ಮುಖದ ಎಲ್ಲ ಕಡೆ ಗುರುತು ಬೀಳುವವರೆಗೆ ಫೈಲ್ ಮಾಡಬೇಕು. ರಂಧ್ರದ ಜಾಗವನ್ನು ಸ್ಕೇಲಿನಿಂದ ಅಳೆಯುವ ಬದಲು, ಹಳೆಯ ರಂಧ್ರಕ್ಕೆ ಟ್ರಾನ್ಸ್‌ಫರ್ ಸ್ಕ್ರೂ (ಹೊರತುದಿ ಚೂಪಾದ ಸ್ಕ್ರೂ) ಹಾಕಿ ಹೊಸ ಪಟ್ಟಿಯನ್ನು ಅದರ ಮೇಲೆ ತಟ್ಟಿದರೆ ಕೇಂದ್ರ ತಾನಾಗಿ ಸಿಗುತ್ತದೆ. ನಾನು ಪ್ಲೇಟ್‌ಗೆ ಗಡಸು ಕೊಡುವುದಿಲ್ಲ. ಮೆದು ಪ್ಲೇಟ್ ಬೇಗ ಸವೆಯುತ್ತದೆ, ನಿಜ. ಆದರೆ ಫೈಲು ಹ್ಯಾಕ್ಸಾಗಳ ಹಲ್ಲು ತಾಗಿದಾಗ ಅವು ಉಳಿಯುತ್ತವೆ. ನುಣುಪು ಮುಗಿಸಿದ ತುಂಡು ಹಿಡಿಯುವಾಗ ದವಡೆಗಳಿಗೆ 2 ಮಿಮೀ ಅಲ್ಯೂಮಿನಿಯಂ ತಗಡನ್ನು ಎಲ್ ಆಕಾರದಲ್ಲಿ ಮಡಚಿ ಹೊದಿಸುತ್ತೇನೆ.

ಜೋಡಿಸಿದ ಮೇಲೆ ನಾಲ್ಕು ಮೂಲೆಗೂ ಕಾಗದದ ಪಟ್ಟಿ ಇಟ್ಟು ಹಗುರಾಗಿ ಬಿಗಿದು, ಒಂದೊಂದನ್ನೇ ಎಳೆದು ನೋಡಿ. ಮೇಲಿನ ಎರಡು ಬಿಗಿಯಾಗಿ, ಕೆಳಗಿನವು ಸ್ವಲ್ಪ ಸಡಿಲವಾಗಿದ್ದರೆ ಸರಿ. ಪೂರ್ತಿ ಬಿಗಿದಾಗ ವಾಲಿಕೆಯಿಂದ ಎರಡೂ ಸಮನಾಗುತ್ತವೆ. ತಿರುಗುಮುರುಗಾಗಿದ್ದರೆ ಪ್ಲೇಟ್‌ನ ಹಿಂಭಾಗದ ಕೆಳ ಅಂಚನ್ನು ಉಜ್ಜಿ ಇಳಿಜಾರು ಕೊಡಬೇಕು. ಮೇಲಂಚಿನ ಹಿಂದೆ ಮಾತ್ರ ಶಿಮ್ ತುರುಕಿದರೆ ಪ್ಲೇಟ್‌ನ ಬೆನ್ನಿಗೆ ಆಸರೆ ತಪ್ಪುತ್ತದೆ. ಗಡಸು ಪ್ಲೇಟ್ ಆಗಿದ್ದರೆ ಸ್ಕ್ರೂವಿನ ಬಳಿ ಸೀಳಲೂಬಹುದು.

ಹ್ಯಾಂಡಲ್ ಬಾಗಿದ್ದರೆ ನೇರ ಮಾಡಿ ಅಥವಾ ಮೈಲ್ಡ್ ಸ್ಟೀಲ್‌ನದ್ದೇ ಹೊಸದು ಹಾಕಿ. ಗಡಸು ಉಕ್ಕಿನ ಹ್ಯಾಂಡಲ್ ಬೇಡ: ಅತಿ ಬಿಗಿದಾಗ ಬಾಗಬೇಕಾದ್ದು ಹ್ಯಾಂಡಲ್, ಒಡೆಯಬಾರದ್ದು ಬಾಡಿ. ಪೈಪು ತೊಡಿಸಿ ಬಿಗಿಯುವುದೂ ಅದೇ ಕಾರಣಕ್ಕೆ ನಿಷಿದ್ಧ. ತುದಿಯ ಗುಂಡಿಗೂ ಸ್ಪಿಂಡಲ್ ತಲೆಗೂ ನಡುವೆ ಒಂದೊಂದು ರಬ್ಬರ್ ಓ-ರಿಂಗ್ ಹಾಕಿದರೆ ಬೆರಳ ಚರ್ಮ ಸಿಕ್ಕಿಕೊಳ್ಳುವುದಿಲ್ಲ.

ಬಣ್ಣ ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಎನಾಮೆಲ್, ತೆಳುವಾಗಿ ಎರಡು ಕೋಟ್. ಸ್ಲೈಡ್, ಪ್ಲೇಟ್ ಕೂರುವ ಮುಖ, ನಟ್‌ನ ಆಸನ, ತಿರುಗುವ (ಸ್ವಿವೆಲ್) ತಳದ ಉಜ್ಜುವ ಮುಖಗಳಿಗೆ ಬಣ್ಣ ತಾಗಕೂಡದು. ಅಲ್ಲಿ ಬಣ್ಣ ಅದುಮಿ ಬಿಗಿ ಸಡಿಲುತ್ತದೆ. ಸ್ಪಿಂಡಲ್ ಥ್ರೆಡ್‌ಗೂ ಕಾಲರ್ ಮುಖಕ್ಕೂ ಲಿಥಿಯಂ ಗ್ರೀಸ್, ಸ್ಲೈಡ್‌ಗೆ ತೆಳು ಎಣ್ಣೆ ಮಾತ್ರ. ಸ್ಲೈಡ್‌ಗೆ ಗ್ರೀಸ್ ಬಳಿದರೆ ಫೈಲಿನ ಪುಡಿ ಅಂಟಿಕೊಂಡು, ಈಗಷ್ಟೇ ಕೂರಿಸಿದ ಶಿಮ್ಮನ್ನು ಅರೆದುಹಾಕುತ್ತದೆ.

ಬೆಂಚಿಗೆ ಕೂರಿಸುವಾಗ ಸ್ಥಿರ ದವಡೆಯ ಮುಖ ಹಲಗೆಯ ಅಂಚಿಗಿಂತ ತುಸು ಹೊರಗಿರಬೇಕು, ಉದ್ದನೆಯ ತುಂಡು ನೇರ ಕೆಳಗೆ ಇಳಿಬೀಳಲು. ಜಾಗ ಬೆಂಚಿನ ಕಾಲಿನ ನೆತ್ತಿ, ಎತ್ತರ ನಿಂತವರ ಮೊಣಕೈ ಮಟ್ಟ. ದವಡೆಯ ಅಗಲ 125 ಮಿಮೀ ಇರುವ ವೈಸ್‌ಗೆ ಹಲಗೆ ದಾಟುವ ಎಂ12 ಬೋಲ್ಟ್, ಕೆಳಗೆ 6 ಮಿಮೀ ಉಕ್ಕಿನ ಪಟ್ಟಿ. ಬೋಲ್ಟ್ ಬಿಗಿಯುವ ಮೊದಲು ತಳ ಕುಲುಕುತ್ತದೆಯೇ ನೋಡಿ, ಕುಲುಕಿದರೆ ಆ ಕಿವಿಯಡಿ ತಗಡು ಕೊಡಿ. ಏರುಪೇರಿನ ಮೇಲೆ ಎಳೆದು ಬಿಗಿದರೆ ಎರಕದ ಕಿವಿ ಅಲ್ಲೇ ಸೀಳುತ್ತದೆ. ಬಳಕೆ ಶುರುವಾದ ಮೊದಲ ವಾರ ಕಳೆದ ಮೇಲೆ ಬೋಲ್ಟ್‌ಗಳನ್ನೂ ಜಾ ಪ್ಲೇಟ್‌ನ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿಯಬೇಕು.